ಉಸಿರು ತಾಗಿದ ಚಿನ್ನ

ಚಿನ್ನ ನಿಲ್ಲಲಿಲ್ಲ.

ಸಂಧ್ಯಾರಾಣಿ ಅಗಲ ಕುಂಚದ ತುದಿಯಿಂದ ಚಿನ್ನದ ತೆಳು ರೇಕನ್ನು ಎತ್ತಿ, ಹಲಗೆಗೆ ಬಳಿದಿದ್ದ ಕೆಂಪು ಜೇಡಿಮಣ್ಣಿನ ಮೇಲೆ ಮೆಲ್ಲಗೆ ಇಳಿಸಿದ್ದಳು. ರೇಕು ಒಂದು ಗಳಿಗೆ ಮಲಗಿದಂತೆ ಮಾಡಿತು. ಆಮೇಲೆ ಈರುಳ್ಳಿ ಸಿಪ್ಪೆಯ ಹಾಗೆ ಅಂಚು ಎತ್ತಿ, ಕಿಟಕಿ ಸಂದಿಯ ಗಾಳಿಗೆ ಮಡಚಿಕೊಂಡು ನೆಲಕ್ಕೆ ಬಿತ್ತು. ಇನ್ನೊಂದನ್ನು ಇಟ್ಟಳು. ಅದೂ ಹಾಗೇ ಬಿತ್ತು. ಮೂರನೆಯದಕ್ಕೆ ಕೈ ಹಾಕುವಾಗ ಮೂಲೆಯ ಬೆತ್ತದ ಕುರ್ಚಿಯಿಂದ ಫಾದರ್ ಇನ್ನಾಸಪ್ಪನವರ ದನಿ ಬಂತು.

"ಅಲ್ಲಮ್ಮ, ಬಾಯಿಗೆ ಮೂಗಿಗೆ ಬಟ್ಟೆ ಕಟ್ಕಂಡು ಯಾರ ಮನೆಗೆ ಕನ್ನ ಹಾಕಾಕೆ ಹೊರಟೀಯ?"

ಸಂಧ್ಯಾ ಬಟ್ಟೆಯೊಳಗಿಂದಲೇ ನಕ್ಕಳು. "ನಮ್ಮನೆಯಾಗೆ ಹಿಂಗೇ ಫಾದರ್. ದೇವರ ಕೆಲಸಕ್ಕೆ ಕೂತ್ರೆ ಬಾಯಿ ಕಟ್ಟಬೇಕು. ಉಸಿರು ತಾಗಿದ್ರೆ ಎಂಜಲಾಗತೈತೆ."

"ಇಲ್ಲಿ ಉಸಿರು ತಾಗದಿದ್ರೆ ಚಿನ್ನ ಹತ್ತಂಗಿಲ್ಲ. ಬಿಚ್ಚು."

ಅವಳು ಬಿಚ್ಚಲಿಲ್ಲ. ಗಂಟಿನ ಮೇಲೆ ಕೈ ಇಟ್ಟು ಹಾಗೇ ಕೂತಳು. ಅವಳ ಅಪ್ಪ ಹನುಮಣ್ಣ ನ್ಯಾಮತಿಯ ಚಿತ್ರಗಾರ. ಸುತ್ತಲಿನ ಹಳ್ಳಿಗಳ ಗ್ರಾಮದೇವತೆಗಳ ಮರದ ಮೂರ್ತಿಗಳಿಗೆ ಬಣ್ಣ ಕಟ್ಟುವುದು, ಮದುವೆಗೆ ಬಾಸಿಂಗ ಮಾಡುವುದು ಅವರ ಮನೆತನದ ಕಸುಬು. ಅಕ್ಷರ ಕಲಿಯುವ ಮುಂಚೆಯೇ ಸಂಧ್ಯಾ ಕಲಿತ ಪಾಠ ಇದು: ದೇವಿಯ ಮುಂದೆ ಕೂತವರ ಉಸಿರು ದೇವಿಗೆ ಮುಟ್ಟಬಾರದು. ಬಾಲ್ಯದಲ್ಲಿ ಒಮ್ಮೆ ಕೆಮ್ಮು ಬಂದು, ಬಟ್ಟೆ ಜಾರಿ, ಅಪ್ಪ ಇಡೀ ತೋಳಿನ ಬಣ್ಣವನ್ನು ಕೆರೆದು ತೆಗೆದು ಮತ್ತೆ ಹಚ್ಚಿದ್ದು ಅವಳಿಗೆ ನೆನಪಿತ್ತು. ಅಪ್ಪ ಬೈದಿರಲಿಲ್ಲ. ಬೈದಿದ್ದರೆ ಮರೆತುಹೋಗುತ್ತಿತ್ತೇನೋ.

"ಊದಬೇಕಾ ಫಾದರ್?"

"ಊದಿದ್ರೆ ಹಾರಿಹೋಗತೈತೆ. ಚಳಿಯಾಗೆ ಹುಡುಗ್ರು ಕನ್ನಡಿ ಮುಂದೆ ನಿಂತು ಹಾ ಅಂತಾವಲ್ಲ, ಹಂಗೆ. ಹೊಟ್ಟೆ ಒಳಗಿಂದ ಬೆಚ್ಚಗೆ ಬರಬೇಕು. ಆ ಮಣ್ಣಿನಾಗೆ ಅಂಟು ಐತೆ, ನಿದ್ದೆ ಮಾಡ್ತೈತೆ. ನಿನ್ನ ಉಸಿರಿನ ಹಸಿ ತಾಗಿದ್ರೆ ಏಳತೈತೆ. ಏಳೋದು ಒಂದೇ ಗಳಿಗೆ. ಅಷ್ಟರಾಗೆ ರೇಕು ಇಡಬೇಕು."

ಅವಳು ಗಂಟು ಬಿಚ್ಚಿದಳು. ಹಲಗೆಯ ಮೇಲೆ ಬಾಗಿದಳು. ಕೆಂಪು ಮಣ್ಣಿಗೂ ತುಟಿಗೂ ನಡುವೆ ಒಂದು ಗೇಣಿನ ಅಂತರ. ಉಸಿರು ಬರಲಿಲ್ಲ. ದೇಹ ತನ್ನಷ್ಟಕ್ಕೆ ತಾನೇ ಅದನ್ನು ಹಿಡಿದುಕೊಂಡಿತ್ತು. ಕಣ್ಣು ಮುಚ್ಚಿ, ಎದೆಯನ್ನು ಸಡಿಲ ಬಿಟ್ಟಳು.

ಹಾ.

ಮಣ್ಣು ಕಂಡೂ ಕಾಣದಷ್ಟು ಕಪ್ಪಾಯಿತು. ರೇಕನ್ನು ಇಳಿಸಿದಳು. ಯಾರೋ ಒಳಗಿಂದ ಕೈ ಚಾಚಿ ಎಳೆದುಕೊಂಡಂತೆ ಚಿನ್ನ ಹೋಗಿ ಮಣ್ಣಿಗೆ ಹತ್ತಿಕೊಂಡಿತು. ಅಂಚುಗಳು ತಾವಾಗಿಯೇ ಮಲಗಿದವು. ಅವಳು ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಅಲುಗಲಿಲ್ಲ.

ಮತ್ತೆ ಉಸಿರು ಬಿಟ್ಟಳು, ಮತ್ತೆ ಇಟ್ಟಳು. ಎಷ್ಟು ಹೊತ್ತು ಹಾಗೇ ಬಾಗಿದ್ದಳೋ ತಿಳಿಯದು. ಬೆನ್ನು ನೆಟ್ಟಗೆ ಮಾಡಿದಾಗ, ಒಂದು ತಲೆಯ ಸುತ್ತಳತೆಯಷ್ಟು ಚಿನ್ನದ ಬಿಲ್ಲೆ ಹಲಗೆಯ ಮೇಲೆ ಹುಟ್ಟಿತ್ತು. ಅದರಲ್ಲಿ ಇನ್ನೂ ಮುಖವಿರಲಿಲ್ಲ. ಪ್ರಭಾವಳಿ ಮೊದಲು ಬಂದು ಮುಖಕ್ಕಾಗಿ ಕಾಯುತ್ತಿತ್ತು.

"ನಮ್ಮ ಪುಸ್ತಕದ ಮೊದಲ ಪುಟದಾಗೇ ಐತೆ," ಎಂದರು ಫಾದರ್. "ದೇವರು ಮಣ್ಣಿಂದ ಮನುಷ್ಯನ್ನ ಮಾಡಿ ಮೂಗಿಗೆ ಉಸಿರು ಬಿಟ್ಟ ಅಂತ. ಅದರ ಮ್ಯಾಲೆ ಎಷ್ಟು ಪ್ರಬೋಧನೆ ಮಾಡೀನೋ. ಜನ ತೂಕಡಿಸ್ತಿದ್ರು. ನನಗೇ ಗೊತ್ತಿಲ್ಲದ್ದು ಅವರಿಗೆ ಹೆಂಗೆ ಗೊತ್ತಾಗಬೇಕು? ಹಲಗೆ ಮುಂದೆ ಕೂತ ಮ್ಯಾಲೆ ಗೊತ್ತಾತು."

ತನ್ನ ಉಸಿರು ಚಿನ್ನದ ಕೆಳಗೆ ಸಿಕ್ಕಿಕೊಂಡು ಅಲ್ಲೇ ಉಳಿದಿದೆ ಎಂಬುದೊಂದೇ ಸಂಧ್ಯಾಳ ತಲೆಯಲ್ಲಿತ್ತು.

*

ಸವಳಂಗದ ರಸ್ತೆಯಲ್ಲಿ, ನ್ಯಾಮತಿ ದಾಟಿದ ಮೇಲೆ, ಹೆಂಚಿನ ಪುಟ್ಟ ಪ್ರಾರ್ಥನಾಲಯವೊಂದಿದೆ. ಭಾನುವಾರಕ್ಕೆ ಬರುವ ಕುಟುಂಬಗಳು ಒಂದು ಟೆಂಪೋದಲ್ಲಿ ಹಿಡಿಯುವಷ್ಟು. ಫಾದರ್ ಇನ್ನಾಸಪ್ಪ ಚನ್ನಗಿರಿ ಕಡೆಯ ರೈತರ ಮಗ. ಹರೆಯದಲ್ಲಿ ದೂರದೇಶದ ಒಂದು ಮಠದಲ್ಲಿದ್ದು ಅಲ್ಲಿಯ ಸನ್ಯಾಸಿಗಳಿಂದ ಪೂಜಾಚಿತ್ರ ಬರೆಯುವುದನ್ನು ಕಲಿತು ಬಂದವರು. ಆಮೇಲೆ ಊರೂರು ತಿರುಗುವ ಕೆಲಸದಲ್ಲಿ ಕುಂಚ ಹಿಡಿಯಲು ಪುರುಸೊತ್ತಾಗಲಿಲ್ಲ. ಈಗ ಪುರುಸೊತ್ತು ಸಿಕ್ಕಿದೆ, ಕೈ ನಡುಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅವರನ್ನು ಶಿವಮೊಗ್ಗದ ಕಡೆ, ವಯಸ್ಸಾದ ಗುರುಗಳು ಇರುವ ಮನೆಗೆ ಕರೆದೊಯ್ಯುವುದೆಂದು ಗೊತ್ತಾಗಿತ್ತು. ಹೋಗುವ ಮುಂಚೆ ಈ ಪ್ರಾರ್ಥನಾಲಯದ ಬರಿಗೋಡೆಗೆ ಮಗುವನ್ನು ಎತ್ತಿಕೊಂಡ ದೇವಮಾತೆಯ ಒಂದು ಹಲಗೆ ಬರೆದುಕೊಟ್ಟು ಹೋಗಬೇಕು ಎಂಬುದು ಅವರ ಆಸೆ.

ಒಳ್ಳೆಯ ಹಲಗೆ ಹುಡುಕಿಕೊಂಡು ಅವರು ಹನುಮಣ್ಣನ ಅಂಗಡಿಗೆ ಬಂದಿದ್ದರು. ಹನುಮಣ್ಣ ಅಟ್ಟದಿಂದ ಎಷ್ಟೋ ವರ್ಷ ಒಣಗಿದ್ದ ಶಿವನೆ ಮರದ ಹಲಗೆ ಇಳಿಸಿಕೊಟ್ಟ. ಅವರ ಕೈ ನೋಡಿ, ಕೇಳದೆಯೇ ಹೇಳಿದ.

"ನೀವು ಇದನ್ನ ಉಜ್ಜಾಕೆ ಆಗಲ್ಲ ಬಿಡ್ರಿ. ಮಗಳನ್ನ ಕಳಿಸ್ತೀನಿ. ಹೊನ್ನಾಳಿ ಸ್ಕೂಲಾಗೆ ಡ್ರಾಯಿಂಗ್ ಟೀಚರ್ರು ಅವಳು, ಕಾಲೇಜಾಗೆ ಇದನ್ನೇ ಓದ್ಯಾಳೆ. ಅವಳ ಪಾಠ ಮಧ್ಯಾಹ್ನ, ಬೆಳಗಿನ ಹೊತ್ತು ಬಿಡುವೈತೆ. ಆದ್ರೆ ಒಂದು ಮಾತು ಫಾದ್ರೇ. ಕಣ್ಣಿನ ಕೆಲಸ ಮಾತ್ರ ಅವಳ ಕೈಲಿ ಮಾಡಿಸಬ್ಯಾಡ್ರಿ."

"ಯಾಕೆ?"

"ನಮ್ಮ ಮನೆತನದಾಗೆ ಹೆಣ್ಮಕ್ಳು ದೇವರ ಕಣ್ಣು ಬರೆಯಂಗಿಲ್ಲ."

ಫಾದರ್ ಒಪ್ಪಿಕೊಂಡರು. ಕಣ್ಣುಗಳನ್ನು ತಾವೇ ಬರೆಯುವುದೆಂದು ಆಗ ಅವರಿಗೆ ನಂಬಿಕೆಯಿತ್ತು. ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಸ್ವಲ್ಪ ಹೊತ್ತು ಕೈ ನಿಲ್ಲುತ್ತಿತ್ತು.

ಹಾಗೆ ಸಂಧ್ಯಾ ಬಂದಳು. ಹಲಗೆಗೆ ಹಳೆಯ ಪಂಚೆಯ ಬಟ್ಟೆ ಅಂಟಿಸಿದಳು. ಬಿಳಿ ಸುಣ್ಣಕಲ್ಲಿನ ಪುಡಿಯನ್ನು ಬಿಸಿ ಅಂಟಿನಲ್ಲಿ ಕಲಸಿ ಪದರದ ಮೇಲೆ ಪದರ ಬಳಿದಳು. ಒಣಗಿದ್ದನ್ನು ಉಜ್ಜಿ ಉಜ್ಜಿ ಮೊಟ್ಟೆಯ ಚಿಪ್ಪಿನ ಹಾಗೆ ಮಾಡಿದಳು. ಈ ಕೆಲಸದುದ್ದಕ್ಕೂ ಫಾದರ್ ಮಾತಾಡುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ತುಟಿ ಅಲ್ಲಾಡಿಸುತ್ತಿದ್ದರು. ಉಸಿರು ಒಳಗೆ ಹೋಗುವಾಗ ಒಂದು ಹೆಸರು, ಹೊರಗೆ ಬರುವಾಗ 'ಕರುಣೆ ತೋರು' ಎಂಬ ಬೇಡಿಕೆ. ಅಷ್ಟೇ. ಅದೇ ಮತ್ತೆ ಮತ್ತೆ, ಬಾವಿಗೆ ಕೊಡ ಇಳಿದು ಏರಿದ ಹಾಗೆ.

"ಬರೆಯೋರು ಏನು ಹೇಳಬೇಕು ಫಾದರ್?" ಎಂದು ಮೊದಲ ವಾರ ಅವಳು ಕೇಳಿದ್ದಳು. "ನನಗೆ ನಿಮ್ಮ ಮಂತ್ರ ಬರಲ್ಲ."

"ಸುಮ್ಮನಿರಾಕೆ ಬರತೈತಾ?"

"ಅದೊಂದೇ ಬರೋದು. ಅದಕ್ಕೇ ಸ್ಕೂಲಾಗೆ ನನ್ನ 'ಮೂಕ ಮಿಸ್ಸು' ಅಂತಾವೆ ಹುಡುಗ್ರು."

"ಹಂಗಾದ್ರೆ ಮುಕ್ಕಾಲು ಪಾಲು ನಿನಗೆ ಬಂದೈತೆ. ಉಳಿದದ್ದು ನಾನು ಹೇಳ್ತೀನಿ. ಇಬ್ರೂ ಸೇರಿ ಒಂದು ಪ್ರಾರ್ಥನೆ ಮಾಡಾಣ."

ಆ ಕೋಣೆಯ ಮೌನ ಅವಳಿಗೆ ಹೊಸದಾಗಿತ್ತು. ಮನೆಯಲ್ಲಿ ಮೌನವೆಂದರೆ ಯಾರೋ ಸಿಟ್ಟಾಗಿದ್ದಾರೆಂದು ಅರ್ಥ. ಸ್ಟಾಫ್ ರೂಮಿನಲ್ಲಿ ಮೌನವೆಂದರೆ ಬಾಗಿಲಲ್ಲಿ ಹೆಡ್‌ಮಾಸ್ಟರು ನಿಂತಿದ್ದಾರೆಂದು. ಇಲ್ಲಿ ಮೌನ ಹಲಗೆಯ ಬಿಳಿ ಪದರದ ಹಾಗೆ ಒಂದರ ಮೇಲೊಂದು ಕೂತು ದಪ್ಪವಾಗುತ್ತಿತ್ತು. ಅದರ ಮೇಲೆ ಏನನ್ನಾದರೂ ಬರೆಯಬಹುದು ಎನಿಸುತ್ತಿತ್ತು.

*

ಚಿನ್ನವಾದ ಮೇಲೆ ಬಣ್ಣ.

ಮೊಟ್ಟೆಯ ಹಳದಿಯನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಹೊರಳಿಸಿ, ಲೋಳೆ ಒರೆಸಿ, ಅದರ ತೆಳು ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಚುಚ್ಚಬೇಕು. ಒಳಗಿನ ರಸ ಬಟ್ಟಲಿಗೆ ಇಳಿಯುತ್ತದೆ, ಚರ್ಮ ಬೆರಳಲ್ಲಿ ಉಳಿಯುತ್ತದೆ. ಆ ರಸದಲ್ಲಿ ಅರೆದ ಮಣ್ಣುಬಣ್ಣ ಕಲಸಬೇಕು. ಹುಣಸೆ ಬೀಜದ ಅಂಟಿನಲ್ಲಿ ಬಣ್ಣ ಕಲಸಿ ಅಭ್ಯಾಸವಾದ ಸಂಧ್ಯಾ ಮೊದಲ ದಿನ ಹಳದಿಯನ್ನೆಲ್ಲ ಸೀರೆಗೆ ಚೆಲ್ಲಿಕೊಂಡಳು. "ಮನೆಗೆ ಹೋಗಿ ಆಮ್ಲೆಟ್ ತಿಂದೆ ಅನ್ನು, ನಂಬ್ತಾರೆ," ಎಂದು ಫಾದರ್ ನಕ್ಕರು.

ಅವಳನ್ನು ಬೆಚ್ಚಿಬೀಳಿಸಿದ್ದು ಮುಖ. ಅವಳ ಮನೆಯಲ್ಲಿ ದೇವಿಯ ಮುಖಕ್ಕೆ ಮೊದಲ ಕೋಟಿಂಗಿನಿಂದಲೇ ಹೊಳೆಯುವ ಅರಿಶಿನ. ಇಲ್ಲಿ ಫಾದರ್ ಮುಖದ ಜಾಗಕ್ಕೆಲ್ಲ ಮಣ್ಣುಹಸಿರಿನ ಕಗ್ಗತ್ತಲೆ ಬಳಿಸಿದರು. ತಾಯಿ ಮಗು ಇಬ್ಬರ ಮುಖವೂ ಕೆರೆಯ ತಳದ ಕೆಸರಿನ ಹಾಗೆ ಕಂಡಿತು. ಆಮೇಲೆ ಅದರ ಮೇಲೆ ಸ್ವಲ್ಪ ತಿಳಿಯಾದ ಬಣ್ಣ, ಸ್ವಲ್ಪ ಚಿಕ್ಕ ಜಾಗಕ್ಕೆ. ಅದರೊಳಗೆ ಇನ್ನೂ ತಿಳಿ, ಇನ್ನೂ ಚಿಕ್ಕ ಜಾಗಕ್ಕೆ.

"ನೆರಳು ಬರೆಯೋದೇ ಇಲ್ವಾ ಫಾದರ್?"

"ನೆರಳು ಮೊದಲೇ ಐತಲ್ಲ. ನೀನು ಬೆಳಕು ತಂದು ಹಾಕ್ತಾ ಹೋಗು. ಎಲ್ಲಿ ತರಲ್ವೋ ಅಲ್ಲಿ ನೆರಳು ಉಳಿಯತೈತೆ."

ಬೆಳಿಗ್ಗೆ ಬೆಳಿಗ್ಗೆ ಅವಳು ಬೆಳಕು ತಂದು ಹಾಕಿದಳು. ಹಣೆ ಬಂತು. ಮೂಗಿನ ಉದ್ದ ಗೆರೆ ಬಂತು. ಮಗುವಿನ ಕೆನ್ನೆ ತಾಯಿಯ ಕೆನ್ನೆಗೆ ಒತ್ತಿಕೊಂಡಿತು. ಪ್ರತಿ ದಿನ ಬಾಗಿಲು ತೆಗೆದಾಗ ಮುಖಗಳು ನಿನ್ನೆಗಿಂತ ಒಂದು ಹೆಜ್ಜೆ ಹತ್ತಿರ ಬಂದಿರುತ್ತಿದ್ದವು. ತಾನು ಬರೆಯುತ್ತಿದ್ದೇನೆಯೋ, ಒಳಗಿದ್ದವರು ಕತ್ತಲೆಯಿಂದ ನಡೆದು ಬರುವುದಕ್ಕೆ ದಾರಿ ಬಿಡುತ್ತಿದ್ದೇನೆಯೋ ಅವಳಿಗೆ ತಿಳಿಯದಾಯಿತು.

ಕೊನೆಗೆ ಕಣ್ಣುಗಳು ಉಳಿದವು.

ಫಾದರ್ ಬೆಳಗಿನ ಮಾತ್ರೆ ನುಂಗಿ, ಕೈ ನಿಲ್ಲುವುದನ್ನು ಕಾದು, ಮೊದಲು ಬೇರೆ ಚಿಕ್ಕ ಹಲಗೆಯೊಂದರ ಮೇಲೆ ಒಂದು ಕಣ್ಣು ಬರೆದು ನೋಡಿದರು. ರೆಪ್ಪೆಯ ಗೆರೆ ಹರಿದ ದಾರದ ಹಾಗೆ ಬಂತು. ಇನ್ನೊಂದು ಬರೆದರು. ಪಾಪೆ ಸಿಡಿದು ರೆಪ್ಪೆಯಾಚೆ ಬಿತ್ತು. ಮರುದಿನವೂ ಬರೆದರು, ಅದರ ಮರುದಿನವೂ. ಮಾತ್ರೆಯ ಬಲ ಮುಗಿದಿತ್ತು. ಚಿಕ್ಕ ಹಲಗೆಯ ತುಂಬ ನಡುಗುವ ಕಣ್ಣುಗಳು, ಒಂದಾದರೂ ನೋಡುತ್ತಿರಲಿಲ್ಲ.

ಅವರು ಕುಂಚವನ್ನು ಒರೆಸಿ ಕೆಳಗಿಟ್ಟರು.

"ಹಿಂಗೇ ಇರಲಿ ಬಿಡು," ಎಂದರು. "ಕಣ್ಣಿಲ್ಲದ ತಾಯಿನೂ ತಾಯಿನೇ."

"ನಾನು..." ಎಂದಳು ಸಂಧ್ಯಾ.

"ನಿಮ್ಮಪ್ಪಗೆ ಮಾತು ಕೊಟ್ಟೀನಿ." ಅವರು ಅವಳ ಕಡೆ ನೋಡಲಿಲ್ಲ. "ನಿನಗೂ ಹೆದರಿಕೆ ಐತೆ. ನನಗೆ ಕಾಣ್ತಿಲ್ಲ ಅಂದ್ಕಂಡೀಯಾ?"

ಹೆದರಿಕೆ ಇತ್ತು. ಅದಕ್ಕೊಂದು ಮುಖವೂ ಇತ್ತು: ಅಪ್ಪನ ಅಕ್ಕ, ಸೋದರತ್ತೆ ಉಚ್ಚಂಗೆಮ್ಮ.

ಅವರ ಮನೆಯಲ್ಲಿ ದೇವಿಗೆ ಕಣ್ಣು ಬರೆಯುವುದು ಪರದೆಯ ಹಿಂದೆ. ಬರೆಯುವವನು ಪಕ್ಕಕ್ಕೆ ಕೂತು, ಎದುರಿಗೆ ಕನ್ನಡಿ ಇಟ್ಟು, ಕನ್ನಡಿಯಲ್ಲಿ ನೋಡುತ್ತಲೇ ಬರೆಯಬೇಕು. ದೇವಿ ಕಣ್ಣು ಬಿಟ್ಟಾಗಿನ ಮೊದಲ ನೋಟ ಬೆಂಕಿ. ಅದು ಕನ್ನಡಿಗೆ ಬೀಳಬೇಕೇ ಹೊರತು ಮನುಷ್ಯರಿಗಲ್ಲ. ಅತ್ತೆಗೆ ಇನ್ನೂ ಮದುವೆಯಾಗದಿದ್ದಾಗ, ಜಗಳೂರು ಕಡೆಯ ಹಳ್ಳಿಯೊಂದರ ದುರ್ಗಮ್ಮನಿಗೆ ಕಣ್ಣು ಬರೆಯುವ ದಿನ ತಾತನಿಗೆ ಜ್ವರ ಏರಿತ್ತು. ಹನುಮಣ್ಣ ಆಗ ಕೂಸು. ಪರದೆಯ ಹಿಂದೆ ಯಾರು ಕೂತಿದ್ದಾರೆಂದು ಹಳ್ಳಿಯವರಿಗೆ ತಿಳಿಯಲಿಲ್ಲ. ಕೂತವಳು ಉಚ್ಚಂಗೆಮ್ಮ. ನಡುವಯಸ್ಸಿನಲ್ಲಿ ಅವಳ ಎರಡು ಕಣ್ಣೂ ಹೋದವು. ಡಾಕ್ಟರು ಗ್ಲಾಕೋಮಾ ಎಂದರು. ಮನೆಯವರು ದುರ್ಗಮ್ಮ ಎಂದರು.

ಆದರೂ ಸಂಧ್ಯಾ ಆ ದಿನ ಒಂದು ಕೆಲಸ ಮಾಡಿದಳು. ಫಾದರ್ ತಿಂಡಿಗೆ ಎದ್ದು ಹೋದ ಮೇಲೆ ಹಲಗೆಯ ಮುಂದೆ ಒಬ್ಬಳೇ ಕೂತು ನೋಡಿದಳು. ಮಗು ತಲೆಯೆತ್ತಿ ತಾಯಿಯನ್ನು ನೋಡುವ ಭಂಗಿಯಲ್ಲಿತ್ತು. ಅವನು ಕಣ್ಣು ಬಿಟ್ಟರೆ ಮೊದಲ ನೋಟ ತಾಯಿಯ ಮೇಲೆ ಬೀಳುತ್ತದೆ. ಅದಕ್ಕೆ ಕನ್ನಡಿ ಯಾಕೆ ಬೇಕು? ಯಾವ ತಾಯಿಯೂ ಆ ನೋಟಕ್ಕೆ ಸುಟ್ಟುಹೋಗಿಲ್ಲ.

ಕುಂಚ ತೆಗೆದುಕೊಂಡಳು. ಮಗುವಿನ ಎರಡು ಕಣ್ಣೂ ಬರೆದಳು.

ಫಾದರ್ ಬಂದು ಬಾಗಿಲಲ್ಲೇ ನಿಂತರು. "ಪಾಪ, ಕೂಸು ನೋಡ್ತೈತೆ, ಅವ್ವ ನೋಡ್ತಿಲ್ಲ," ಎಂದರು. ಅಷ್ಟೇ ಹೇಳಿದ್ದು. ಆ ಮಾತು ಬಸ್ಸಿನಲ್ಲೂ ಸ್ಕೂಲಿನಲ್ಲೂ ಅವಳ ಜೊತೆಗೇ ಬಂತು.

*

"ಆಗಲ್ಲ," ಎಂದ ಹನುಮಣ್ಣ. ಭಾನುವಾರದ ಮಧ್ಯಾಹ್ನ. ರೊಟ್ಟಿ ಮುರಿಯುವುದನ್ನೂ ನಿಲ್ಲಿಸಿದ್ದ. "ಕೂಸಿನ ಕಣ್ಣು ಬರೆದೀಯಲ್ಲ, ಅದನ್ನೇ ಕೇಳಿ ನನ್ನ ಎದೆ ಹೊಡ್ಕಣಾಕೆ ಹತ್ತೈತೆ. ಇನ್ನು ತಾಯಿದು ಬ್ಯಾರೆನಾ? ಆಯಮ್ಮ ನೆಟ್ಟಗೆ ಎದುರಿಗಿದ್ದೋರನ್ನೇ ನೋಡ್ತಾಳೆ ಅಂತೀಯ."

"ಹೌದಪ್ಪ. ನೋಡೋರನ್ನೇ ನೋಡೋ ಹಂಗೆ ಬರೀಬೇಕು."

"ನೋಡು ಮತ್ತೆ! ಬ್ಯಾಡವ್ವ. ಬೇಕಿದ್ರೆ ನಾನೇ ಬಂದು ಬರೆದುಕೊಡ್ತೀನಿ."

"ನಿನಗೆ ಆ ಬಣ್ಣ ಹಿಡಿಯಾಕೆ ಬರಲ್ಲ. ಮೊಟ್ಟೆ ಮುಟ್ಟಲ್ಲ ಅಂತೀಯ ಬ್ಯಾರೆ."

"ದೇವರ ಮುಖಕ್ಕೆ ಮೊಟ್ಟೆ! ಅದೊಂದು ಕೇಳಿರಲಿಲ್ಲ ಈ ಜನ್ಮದಾಗೆ." ಅವನು ತಟ್ಟೆ ಸರಿಸಿದ. "ಯಾವ ದೇವರಾದ್ರೇನು, ಕಣ್ಣು ಕಣ್ಣೇ. ಅಲ್ಲಿ ಕೂತಾಳೆ ನಿಮ್ಮತ್ತೆ. ನೋಡಿನಾದ್ರೂ ಕಲಿ."

ಗೋಡೆಗೆ ಒರಗಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಉಚ್ಚಂಗೆಮ್ಮ ತಲೆ ಎತ್ತಿದಳು. "ನನ್ನೇನು ಅಪಘಾತ ವಲಯ ಅಂತ ಬೋರ್ಡು ಮಾಡಿ ನಿಲ್ಸೀಯೇನೋ ಹನುಮ? ಎಲ್ಲಾದಕ್ಕೂ ನನ್ನ ತೋರಿಸ್ತೀಯ."

"ಸುಳ್ಳೇನಕ್ಕ ಮತ್ತೆ?"

"ಸುಳ್ಳೋ ಖರೆನೋ, ಆವತ್ತು ಏನಾತು ಅಂತ ನೀವು ಯಾರಾದ್ರೂ ನನ್ನ ಕೇಳೀರಾ? ಅಪ್ಪಯ್ಯನೂ ಕೇಳಲಿಲ್ಲ. ಕಣ್ಣು ಹೋದಾಗ ನನ್ನ ಗಂಡನೂ ಕೇಳಲಿಲ್ಲ. ಎಲ್ರಿಗೂ ಗೊತ್ತಿತ್ತು, ನನಗೊಬ್ಬಳಿಗೆ ಬಿಟ್ಟು."

ಅತ್ತೆ ಬೆಳ್ಳುಳ್ಳಿಯ ಸಿಪ್ಪೆಯನ್ನು ಮಡಿಲಿನಿಂದ ಕೊಡವಿದಳು.

"ಕನ್ನಡಿ ನೋಡ್ಕಂತಲೇ ಬರೆದೆ. ಅಪ್ಪಯ್ಯ ಹೇಳ್ದಂಗೆ. ಎರಡೂ ಕಣ್ಣು ಬರೆದು ಮುಗಿಸ್ದೆ. ಕನ್ನಡಿಯಾಗೆ ದುರ್ಗಮ್ಮ ಕಾಣ್ತಿದ್ಲು, ಆದ್ರೆ ಕಂಡಂಗೆ ಆಗಲಿಲ್ಲ. ಯಾರದೋ ಮನೆ ಕಿಟಕಿಯಾಗೆ ಇಣುಕಿದಂಗೆ. ಅಲ್ಲ, ನಾನು ಕೈಯಾರೆ ಕಣ್ಣು ಕೊಟ್ಟೀನಿ, ನಾನೇ ಕಳ್ಳಿ ಹಂಗೆ ನೋಡಬೇಕಾ? ತಿರುಗಿದೆ."

"ಅಕ್ಕಾ..."

"ತಿರುಗಿ ನೆಟ್ಟಗೆ ನೋಡ್ದೆ ಕಣೋ. ಅವಳೂ ನೋಡಿದ್ಲು." ಅತ್ತೆಯ ದನಿ ಇಳಿಯಿತು. "ಸಿಟ್ಟಿರಲಿಲ್ಲ. ಒಂದು ಚೂರೂ ಸಿಟ್ಟಿರಲಿಲ್ಲ. ಹೆಂಗೆ ಹೇಳಲಿ ನಿನಗೆ... ಬಾಣಂತಿ ಕೂಸಿನ ಮುಖ ಮೊದಲ ಸಲ ನೋಡ್ತಾಳಲ್ಲ, ಹಂಗೆ ನೋಡಿದ್ಲು. ನಾನು ಅವಳನ್ನ ಹೆತ್ತೆನಾ, ಅವಳು ನನ್ನ ಹೆತ್ಲಾ ಅಂತ ತಿಳೀಲಿಲ್ಲ ನನಗೆ."

ಅಂಗಳದ ನಲ್ಲಿಯಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

"ಕಣ್ಣು ಹೋಗಿ ಎಷ್ಟೋ ಕಾಲ ಆತು. ಗಂಡನ ಮುಖ ಮರೆತೈತೆ. ನಿನ್ನ ಮುಖ ಹುಡುಗಾಗಿದ್ದಾಗಿಂದು ಅಷ್ಟೇ ಐತೆ, ಮೂಗು ಸೋರ್ಸೋದು. ಸಂಧ್ಯಾನ್ನ ಕೈಯಾಗೆ ಮುಟ್ಟಿ ನೋಡಿದ್ದೇ. ಎಲ್ಲಾ ಆರಿಹೋತು. ಆ ದುರ್ಗಮ್ಮನ ಮುಖ ಒಂದು ಮಾತ್ರ ಹಂಗೇ ಐತೆ, ಗೂಡಿನಾಗೆ ದೀಪ ಇಟ್ಟಂಗೆ. ಅದನ್ನೂ ಕಾಣದಿದ್ರೆ ಇಷ್ಟು ದಿನದ ಕತ್ತಲೆ ನಾನು ಹೆಂಗೆ ಕಳೀತಿದ್ದೆ ಹೇಳು."

ಅತ್ತೆ ಕೈ ಚಾಚಿ ಗೋಡೆ ಹಿಡಿದು ಎದ್ದಳು.

"ನಾಳೆ ನನ್ನ ಅಲ್ಲಿಗೆ ಕರಕೊಂಡು ಹೋಗ್ರಿ. ಕನ್ನಡಿ ಬದಲಿಗೆ ನನ್ನ ಕೂರಿಸ್ರಿ. ಮೊದಲ ನೋಟ ನನ್ನ ಮ್ಯಾಲೆ ಬೀಳಲಿ. ನನ್ನತ್ರ ಇನ್ನೇನೈತೆ ಕಿತ್ಕಣಾಕೆ?"

*

ಬೆಳಿಗ್ಗೆ ಆಟೋದಿಂದ ಮೂವರೂ ಇಳಿದರು. ಹನುಮಣ್ಣ ಮೊದಲು ಇಳಿದು ಅಕ್ಕನ ಕೈ ಹಿಡಿದ. ಅವನ ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಕನ್ನಡಿ.

"ಇರಲಿ ಅಂತ ತಂದೀನಿ," ಎಂದ, ಮಗಳು ನೋಡಿದ್ದಕ್ಕೆ.

ಫಾದರ್ ಇನ್ನಾಸಪ್ಪ ಬಾಗಿಲಲ್ಲಿ ನಿಂತಿದ್ದರು. ಹನುಮಣ್ಣ ಅವರಿಗೆ ಕೈ ಮುಗಿದ.

"ನೀವು ಕೊಟ್ಟ ಮಾತು ವಾಪಸ್ ಕೊಡಾಕೆ ಬಂದೀನಿ ಫಾದ್ರೇ. ಇಟ್ಕಳ್ರಿ. ನನಗೆ ಹೊರಾಕೆ ಆಗ್ತಿಲ್ಲ."

ಫಾದರ್ ನಗಲಿಲ್ಲ. ನಡುಗುವ ಎರಡೂ ಕೈಗಳಿಂದ ಅವನ ಕೈ ಹಿಡಿದುಕೊಂಡರು.

ಕೋಣೆಯಲ್ಲಿ ಹಲಗೆ ಓರೆಮೇಜಿನ ಮೇಲಿತ್ತು. ಅದರ ಮುಂದೆ ಸಂಧ್ಯಾಳ ಮಣೆ. ಮಣೆಯ ಹಿಂದೆ, ನೇರಕ್ಕೆ, ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿದರು. ಹನುಮಣ್ಣ ಒಳಗೆ ಬಂದವನೇ ಅಭ್ಯಾಸಬಲದಿಂದ ಹೆಗಲ ವಸ್ತ್ರವನ್ನು ಮೂಗು ಬಾಯಿ ಮುಚ್ಚುವಂತೆ ಕಟ್ಟಿಕೊಂಡು ಪಕ್ಕದಲ್ಲಿ ಕೂತ. ಹಲಗೆಯ ಕಡೆ ನೋಡಲಿಲ್ಲ. ಕನ್ನಡಿ ಅವನ ತೊಡೆಯ ಮೇಲಿತ್ತು.

ಅತ್ತೆ ಮಾತ್ರ ಮುಖವೆತ್ತಿ ಕೂತಿದ್ದಳು, ಮಳೆ ಬರುವುದೇನೋ ಎಂದು ಆಕಾಶಕ್ಕೆ ಕಿವಿ ಕೊಟ್ಟವಳ ಹಾಗೆ.

ಫಾದರ್ ತಮ್ಮ ಪ್ರಾರ್ಥನೆ ಹಿಡಿದರು. ಒಳಗೆ ಒಂದು ಹೆಸರು, ಹೊರಗೆ ಒಂದು ಬೇಡಿಕೆ.

ಸಂಧ್ಯಾ ಮೊದಲು ಕಂದು ಗೆರೆ ಎಳೆದಳು, ಮೇಲಿನ ರೆಪ್ಪೆಯದ್ದು. ಕೈ ನಿಂತಿತ್ತು. ಆಶ್ಚರ್ಯವಾಯಿತು. ಕಣ್ಣಿನ ಬಿಳಿಗೆ ಬೂದಿ ಬೆರೆಸಿದ ಬಿಳಿ ಹಚ್ಚಿದಳು. ಪಾಪೆಯ ಕಂದು, ಅದರೊಳಗೆ ಕಾಡಿಗೆಯ ಕಪ್ಪು. ಒಂದು ಕಣ್ಣು ಮುಗಿಯಿತು. ಅದು ಇನ್ನೂ ನೋಡುತ್ತಿರಲಿಲ್ಲ. ಒಂದೇ ಕಣ್ಣು ಯಾರನ್ನೂ ನೋಡುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಇನ್ನೊಂದಕ್ಕೆ ಬಂದಾಗ ಅವಳಿಗೆ ಹೊಳೆಯಿತು. ಅತ್ತೆ ಹಿಂದೆ ಕೂತಿದ್ದಾಳೆ. ಅತ್ತೆಗೂ ಹಲಗೆಗೂ ನಡುವೆ ಇರುವವಳು ತಾನು. ಬರೆಯುವವಳು ಅಡ್ಡ ಬಾರದೆ ಬರೆಯುವುದಕ್ಕೆ ದಾರಿಯೇ ಇಲ್ಲ. ನಿನ್ನೆಯಿಂದ ಮನೆಮಂದಿಯೆಲ್ಲ ಸೇರಿ ಮಾಡಿದ ಏರ್ಪಾಡಿನಲ್ಲಿ ಇಷ್ಟು ಸಣ್ಣ ವಿಷಯ ಯಾರಿಗೂ ಕಂಡಿರಲಿಲ್ಲ. ಅಪ್ಪನ ಕಡೆ ಕೈ ಚಾಚಿದರೆ ಕನ್ನಡಿ ಸಿಗುತ್ತಿತ್ತು.

ಅವಳು ಚಾಚಲಿಲ್ಲ. ಗೂಡಿನಲ್ಲಿಟ್ಟ ದೀಪವೆಂದು ಅತ್ತೆ ಹೇಳಿದ್ದನ್ನು ನೆನೆದು, ಮುಖವನ್ನು ಇನ್ನೂ ಹತ್ತಿರ ತಂದಳು. ತನ್ನ ಉಸಿರು ಆ ಕೆನ್ನೆಗೆ ತಾಗುವಷ್ಟು ಹತ್ತಿರ. ಬಿಳಿ ಹಚ್ಚಿದಳು. ಕಂದು ಇಟ್ಟಳು. ಕಪ್ಪು ಇಡಲು ಕುಂಚದ ತುದಿಯನ್ನು ನಾಲಿಗೆಯಲ್ಲಿ ಚೂಪು ಮಾಡಿದಳು. ಎಂಜಲೆಂಬುದು ಆಮೇಲೆ ನೆನಪಾಯಿತು. ಇಟ್ಟಳು.

ಯಾವ ಗಳಿಗೆಯಲ್ಲಿ ಅದಾಯಿತೋ ಅವಳು ಎಂದೂ ಹೇಳಲಾರಳು. ನೋಡುತ್ತಿದ್ದವಳು ತಾನು. ಮರುಗಳಿಗೆ ನೋಡುತ್ತಿದ್ದವಳು ತಾನಲ್ಲ. ಕುಂಚ ಕೈಯಲ್ಲೇ ಇತ್ತು, ಕೈ ಎಲ್ಲಿದೆಯೆಂದು ತಿಳಿಯಲಿಲ್ಲ. ಎದುರಿನ ಕಣ್ಣುಗಳಲ್ಲಿ ಬೆಂಕಿಯಿರಲಿಲ್ಲ. ಮಗುವಿನ ಮುಂದಿನ ನೋವನ್ನೆಲ್ಲ ಮೊದಲೇ ತಿಳಿದವಳ ದುಃಖವಿತ್ತು. ಆ ದುಃಖದೊಳಗೆ ಸಂಧ್ಯಾಳಿಗೂ ಒಂದು ಜಾಗವಿತ್ತು. ಬಹಳ ಹಿಂದೆಯೇ ಗುಡಿಸಿ, ಒರೆಸಿ, ಕಾದಿರಿಸಿದ ಜಾಗ. ಇಷ್ಟು ದಿನ ಬೆಳಕು ತಂದು ಹಾಕುತ್ತಿದ್ದವಳು ತಾನೆಂದುಕೊಂಡಿದ್ದಳು.

ಫಾದರ್ ಪ್ರಾರ್ಥನೆ ನಿಲ್ಲಿಸಿದ್ದರು.

ಸಂಧ್ಯಾ ತಡವರಿಸುತ್ತ ಎದ್ದು ಪಕ್ಕಕ್ಕೆ ಸರಿದಳು. ಈಗ ಅತ್ತೆಗೂ ಹಲಗೆಗೂ ನಡುವೆ ಯಾರೂ ಇರಲಿಲ್ಲ.

"ಯಾಕೆದ್ದೆ?" ಎಂದಳು ಅತ್ತೆ.

"ನಿನ್ನ ಮ್ಯಾಲೆ ಬೀಳಲಿ ಅಂತ ಅತ್ತೆ. ನೋಟ."

"ಆಗಲೇ ಬಿತ್ತಲ್ಲೇ ನಿನ್ನ ಮ್ಯಾಲೆ. ನಿನ್ನ ಉಸಿರು ನಿಂತಿದ್ದು ನನಗೆ ಕೇಳಿಸ್ತು." ಅತ್ತೆ ಮುಗುಳ್ನಕ್ಕಳು. "ಸಿಟ್ಟೈತಾ?"

"ಇಲ್ಲ ಅತ್ತೆ."

"ನಾನು ಹೇಳ್ಲಿಲ್ವಾ." ಆಮೇಲೆ, "ಹೆಂಗವ್ವ, ಚೆಲುವಿ ಇದಾಳಾ?" ಎಂದಳು. ಉತ್ತರ ಕೇಳುವ ಆತುರ ಅವಳ ಮುಖದಲ್ಲಿ ಇರಲಿಲ್ಲ.

ಸಂಧ್ಯಾ ಅತ್ತೆಯ ಕೈ ಹಿಡಿದು ಅದರಲ್ಲಿ ಮುಖ ಇಟ್ಟಳು. ಅತ್ತೆಯ ಬೆರಳು ಅವಳ ರೆಪ್ಪೆಗಳನ್ನು ಮುಟ್ಟಿ, ಒದ್ದೆಯನ್ನು ಮುಟ್ಟಿ, ಅಲ್ಲೇ ನಿಂತಿತು.

"ಹೆಸರು ಬರೀಬೇಕು ಈಗ," ಎಂದರು ಫಾದರ್. "ಹೆಸರು ಬರಿಯೋ ತನಕ ಇದು ಚಿತ್ರ. ಬರೆದ ಮ್ಯಾಲೆ ಕರೆದ್ರೆ ಓಗೊಡೋಳು. ಅದನ್ನಾದ್ರೂ ನಾನು ಬರೀತೀನಿ. ಅಕ್ಷರ ಸೊಟ್ಟ ಆದ್ರೂ ಅವಳಿಗೆ ನನ್ನ ಕೈಬರಹ ಗೊತ್ತು."

ಕೆಂಪು ಬಣ್ಣದಲ್ಲಿ ಕುಂಚ ಅದ್ದಿ, ಚಿನ್ನದ ಅಂಚಿಗೆ ತಂದರು. ಕುಂಚ ಗಾಳಿಯಲ್ಲಿ ತಡವರಿಸಿತು. ಮತ್ತೆ ತಂದರು. ಮತ್ತೆ ಹಿಂದಕ್ಕೆ ಸರಿಯಿತು. ಸಂಧ್ಯಾ ಏಳುವಷ್ಟರಲ್ಲಿ ಹನುಮಣ್ಣ ಎದ್ದಿದ್ದ. ಕನ್ನಡಿಯನ್ನು ಮಣೆಯ ಮೇಲೆ ಬೋರಲಾಗಿ ಇಟ್ಟು, ಫಾದರ್ ಹಿಂದೆ ನಿಂತು, ಒಂದು ಕೈಯಿಂದ ಅವರ ಮೊಣಕೈಯನ್ನೂ ಇನ್ನೊಂದರಿಂದ ಮಣಿಕಟ್ಟನ್ನೂ ಹಿಡಿದ.

"ನೀವು ಬರೀರಿ. ನಾನು ಅಲುಗ್ಲಿಲ್ಲ ಅಂದ್ರೆ ನೀವೂ ಅಲುಗಲ್ಲ."

ಇಬ್ಬರ ಮುದಿ ಕೈಗಳೂ ಒಂದಾಗಿ ಚಿನ್ನದ ಮೇಲೆ ಇಳಿದವು. ದೇ ಬಂತು. ವ ಬಂತು. ಮಾ ಬರೆಯುವಾಗ ಹನುಮಣ್ಣ ಮೊದಲ ಸಲ ತಲೆ ಎತ್ತಿ ಆ ಮುಖವನ್ನು ನೋಡಿದ. ಅವನ ಮೂಗಿನ ಮೇಲಿನ ವಸ್ತ್ರ ಸಡಿಲಾಗಿ ಜಾರಿ ಕುತ್ತಿಗೆಗೆ ಬಿತ್ತು. ಎರಡು ಕೈಯೂ ಕೆಲಸದಲ್ಲಿದ್ದವು. ತೆ ಮುಗಿಯಿತು. ಕೈ ಬಿಡುವಾಯಿತು.

ಅವನು ವಸ್ತ್ರ ಮೇಲೆಳೆದುಕೊಳ್ಳಲಿಲ್ಲ. ಬಾಯಿ ತುಸು ತೆರೆದು ಹಾಗೇ ನೋಡುತ್ತ ನಿಂತಿದ್ದ. ಅವನ ಉಸಿರು ಚಿನ್ನದ ಮೇಲೆ ತೆಳ್ಳಗೆ ಮಂಜಾಗಿ ಕೂತಿತು. ನೋಡುತ್ತಿದ್ದಂತೆ ಆರಿತು. ಚಿನ್ನ ಮತ್ತೆ ಬೆಳಗಿತು.